ಹೇಂಟೆ ಕೂತ ಮನೆಗೆ ಮಕ್ಕಳನ್ನು ಕರೆದೊಯ್ಯಿರಿ

ಮಳೆಗಾಲ ಮುಗಿಯುತ್ತಿದ್ದಂತೆ ಈ ಅಂಕಣಕ್ಕೆ ಒಂದೇ ವಿಷಯದ ಪ್ರಶ್ನೆಗಳು ಬರತೊಡಗುತ್ತವೆ. ಚಿಕ್ಕಬಳ್ಳಾಪುರದ ನರ್ಸರಿ ಶಾಲೆಯ ಶಿಕ್ಷಕಿಯೊಬ್ಬರು ಕೇಳುತ್ತಾರೆ: "ಆನ್‌ಲೈನ್‌ನಲ್ಲಿ ಪುಟ್ಟ ಇನ್‌ಕ್ಯುಬೇಟರ್ ಸಿಗುತ್ತಿದೆ ಮೇಡಂ, ತರಿಸಿ ಮಕ್ಕಳ ಎದುರಿಗೇ ಕೋಳಿಮರಿ ಮಾಡಿಸಬಹುದಾ?" ಚಿಂತಾಮಣಿ ಕಡೆಯ ಅಂಗನವಾಡಿ ಕಾರ್ಯಕರ್ತೆಯೊಬ್ಬರದು ಬೇರೆ ಚಿಂತೆ: "ನಮ್ಮ ಕೇಂದ್ರದ ಹಿಂದಿನ ಮನೇಲಿ ಕೋಳಿ ಕಾವಿಗೆ ಕೂತಿದೆ. ಮಕ್ಕಳು ದಿನಾ ಅಲ್ಲಿಗೇ ಓಡ್ತವೆ. ಬಿಡಲಾ, ಬೇಡ್ವಾ?" ಪುಟ್ಟ ಮಕ್ಕಳ ಮುಂದೆ ಮೊಟ್ಟೆ ಒಡೆದು ಮರಿ ಹೊರಬರುವುದನ್ನು ತೋರಿಸುವುದು ಒಳ್ಳೆಯದೇ, ತೋರಿಸುವುದಾದರೆ ಹೇಗೆ ಎಂಬುದೇ ಇಬ್ಬರ ಪ್ರಶ್ನೆಯೂ.

ನನ್ನ ಉತ್ತರವನ್ನು ಮೊದಲೇ ಹೇಳಿಬಿಡುತ್ತೇನೆ. ಖಂಡಿತ ತೋರಿಸಿ. ಆದರೆ ಮೊಟ್ಟೆಯನ್ನು ಮಕ್ಕಳಿರುವ ಕೋಣೆಗೆ ತರಬೇಡಿ. ಕಾವಿಗೆ ಕೂತ ಹೇಂಟೆ ಇರುವ ಮನೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ. ಚಿಕ್ಕಬಳ್ಳಾಪುರ, ಗೌರಿಬಿದನೂರು, ಚಿಂತಾಮಣಿ, ಶಿಡ್ಲಘಟ್ಟದ ಸುತ್ತ ಇಂಥ ಮನೆ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮಲ್ಲಿ ಕೈಗೆಟಕುವಷ್ಟು ಹತ್ತಿರದಲ್ಲೇ ಇರುವುದನ್ನು ಬಿಟ್ಟು ಪ್ಲಾಸ್ಟಿಕ್ ಪೆಟ್ಟಿಗೆಗೆ ದುಡ್ಡು ಹಾಕುವುದು ನನಗೆ ಸರಿ ಕಾಣುವುದಿಲ್ಲ.

ಅಂಗನವಾಡಿಯ ಮಕ್ಕಳಿಗೆ ಮೊಟ್ಟೆ ಹೊಸದೇನಲ್ಲ. ವಾರಕ್ಕೆರಡು ದಿನ ಬೇಯಿಸಿದ ಮೊಟ್ಟೆ ತಟ್ಟೆಗೆ ಬರುತ್ತದೆ. ಸಿಪ್ಪೆ ಸುಲಿಯುವುದನ್ನು ಆಯಮ್ಮನಿಂದ ಕಲಿತಿರುತ್ತಾರೆ, ಹಳದಿಯನ್ನು ಬೇರೆ ಮಾಡಿ ಕೊನೆಗೆ ತಿನ್ನುವವರು, ಮೊದಲೇ ತಿನ್ನುವವರು ಎಂದು ಅವರಲ್ಲೇ ಪಂಗಡಗಳೂ ಇರುತ್ತವೆ. ಹಾಗಾಗಿ ಅವರ ಮೊದಲ ಪ್ರಶ್ನೆ ಆ ತಟ್ಟೆಯಿಂದಲೇ ಹುಟ್ಟುತ್ತದೆ: ಈ ಮೊಟ್ಟೆಯನ್ನು ಇಟ್ಟರೂ ಮರಿ ಬರುತ್ತದಾ? ಬರುವುದಿಲ್ಲ. ಇದನ್ನು ದೊಡ್ಡವರೂ ಸರಿಯಾಗಿ ತಿಳಿದುಕೊಳ್ಳಬೇಕು, ಏಕೆಂದರೆ ಅಂಗಡಿಯಿಂದ ತಂದ ಮೊಟ್ಟೆಗಳನ್ನೇ ಇನ್‌ಕ್ಯುಬೇಟರಿಗೆ ಜೋಡಿಸಿ ಮೂರು ವಾರ ಮಕ್ಕಳನ್ನು ಕಾಯಿಸಿದ ಶಾಲೆಯನ್ನು ನಾನು ಬಲ್ಲೆ. ಕೊನೆಗೆ ಸಿಕ್ಕಿದ್ದು ಕೊಳೆತ ವಾಸನೆ ಮತ್ತು ಸಪ್ಪೆ ಮುಖಗಳು.

ಫಾರಂಗಳಲ್ಲಿ ಮೊಟ್ಟೆಗೆಂದು ಸಾಕುವ ಕೋಳಿಗಳ ಜೊತೆ ಹುಂಜ ಇರುವುದಿಲ್ಲ. ಹುಂಜವಿಲ್ಲದೆಯೂ ಕೋಳಿ ಮೊಟ್ಟೆ ಇಡುತ್ತದೆ, ಆದರೆ ಆ ಮೊಟ್ಟೆಯಲ್ಲಿ ಮರಿಯಾಗುವ ಜೀವಾಂಕುರ ಇರುವುದಿಲ್ಲ. ಫಾರಂ ಕೋಳಿ ವರ್ಷಕ್ಕೆ 300ರ ಆಸುಪಾಸು ಮೊಟ್ಟೆ ಇಟ್ಟರೆ ನಾಟಿ ಹೇಂಟೆ ಇಡುವುದು 50-60. ಈ ವ್ಯತ್ಯಾಸದ ಹಿಂದಿರುವ ಕಾರಣಗಳಲ್ಲಿ ಕಾವೂ ಒಂದು. ನಾಟಿ ಹೇಂಟೆ ಹತ್ತು ಹನ್ನೆರಡು ಮೊಟ್ಟೆ ಇಟ್ಟ ಮೇಲೆ ಇಡುವುದನ್ನು ನಿಲ್ಲಿಸಿ ಅವುಗಳ ಮೇಲೆ ಕೂರುತ್ತದೆ; ಮರಿಯಾದ ಮೇಲೆ ತಿಂಗಳುಗಟ್ಟಲೆ ಅವುಗಳ ಹಿಂದೆಯೇ ತಿರುಗುತ್ತದೆ. ಹೆಚ್ಚು ಮೊಟ್ಟೆ ಬೇಕೆಂದು ಮನುಷ್ಯ ತಲೆಮಾರುಗಳುದ್ದಕ್ಕೂ ಕಾವಿಗೆ ಕೂರದ ಕೋಳಿಗಳನ್ನೇ ಆರಿಸಿ ಬೆಳೆಸಿದ. ಹೆಬ್ಬಾಳದ ಪಶುವೈದ್ಯ ಕಾಲೇಜು ಹಿತ್ತಿಲ ಸಾಕಣೆಗೆಂದು ಕೊಟ್ಟ ಗಿರಿರಾಜ ತಳಿಯೂ ಸಾಮಾನ್ಯವಾಗಿ ಕಾವಿಗೆ ಕೂರುವುದಿಲ್ಲ. ಆದರೆ ಹುಂಜದ ಜೊತೆ ಬೆಳೆದ ಗಿರಿರಾಜದ ಮೊಟ್ಟೆಯನ್ನು ನಾಟಿ ಹೇಂಟೆಯಡಿ ಇಟ್ಟರೆ ಅದು ತನ್ನದೇ ಎಂಬಂತೆ ಮರಿ ಮಾಡಿಕೊಡುತ್ತದೆ. ನಮ್ಮ ಹಳ್ಳಿಗಳ ಹೆಣ್ಣುಮಕ್ಕಳು ಇದನ್ನು ಎಂದಿನಿಂದಲೋ ಮಾಡುತ್ತಿದ್ದಾರೆ.

ಚಿಂತಾಮಣಿ ತಾಲ್ಲೂಕಿನ ಹಳ್ಳಿಯೊಂದರಲ್ಲಿ ಅಂಗನವಾಡಿಗೆ ಗೋಡೆ ತಗುಲಿದಂತಿರುವ ಮನೆಯಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ. ಮನೆಯೊಡತಿ ಅಜ್ಜಿ ಮೊದಲು ಹೇಂಟೆಯನ್ನು ಪರೀಕ್ಷೆ ಮಾಡಿದರು. ಅದು ಎರಡು ದಿನದಿಂದ ಗೂಡು ಬಿಟ್ಟು ಏಳುತ್ತಿರಲಿಲ್ಲ, ಕೈ ಚಾಚಿದರೆ ಪುಕ್ಕವನ್ನೆಲ್ಲ ಉಬ್ಬಿಸಿಕೊಂಡು ಕುಕ್ಕಲು ಬರುತ್ತಿತ್ತು, ಗಂಟಲಲ್ಲೇ ಲೊಕ್ ಲೊಕ್ ಎನ್ನುತ್ತಿತ್ತು. "ಇದು ಗಟ್ಟಿಯಾಗಿ ಕೂರುತ್ತೆ" ಎಂದು ಅಜ್ಜಿ ತೀರ್ಮಾನಿಸಿದರು. ಹಳೆಯ ಬಿದಿರು ಮಂಕರಿಯ ತಳಕ್ಕೆ ಒಲೆಯ ಬೂದಿ ಎರಚಿ, ಮೇಲೆ ಒಣಹುಲ್ಲು ಹಾಸಿ, ಹುಲ್ಲನ್ನು ಮುಷ್ಟಿಯಿಂದ ಒತ್ತಿ ನಡುವೆ ತಗ್ಗು ಮಾಡಿದರು. ಬೂದಿ ಕೋಳಿ ಹೇನಿಗೆ. ಬೇವಿನ ಸೊಪ್ಪನ್ನೂ ಒಂದಿಷ್ಟು ಸೇರಿಸಿದರು. ಮೊಟ್ಟೆಗಳನ್ನು ಒಂದೊಂದಾಗಿ ಕಿವಿಯ ಬಳಿ ಹಿಡಿದು ಅಲುಗಿಸಿ, ಬೆಳಕಿಗೆ ಹಿಡಿದು ಸಣ್ಣ ಬಿರುಕು ಇದೆಯೇ ನೋಡಿ, 11 ಇಟ್ಟರು. ಬೆಸ ಸಂಖ್ಯೆಯೇ ಆಗಬೇಕು. ಕೊನೆಗೆ ಒಂದು ತುಂಡು ಕಬ್ಬಿಣ, ಒಂದು ಇದ್ದಿಲು. ಗುಡುಗಿಗೆ ಮೊಟ್ಟೆ ಕೆಡಬಾರದಂತೆ. ಬೆಸ ಸಂಖ್ಯೆಗೂ ಕಬ್ಬಿಣಕ್ಕೂ ಮರಿಗೂ ಸಂಬಂಧವಿಲ್ಲ. ಬೂದಿಗೆ, ಬೇವಿಗೆ, ಬಿರುಕು ನೋಡುವುದಕ್ಕೆ ಸಂಬಂಧ ಇದೆ. ಎರಡನ್ನೂ ಅಜ್ಜಿ ಅಷ್ಟೇ ಶ್ರದ್ಧೆಯಿಂದ ಮಾಡುತ್ತಿದ್ದರು. ಮಕ್ಕಳು ಬಾಗಿಲ ಹೊಸ್ತಿಲಲ್ಲಿ ಒತ್ತೊತ್ತಾಗಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದರು.

ಮೊಟ್ಟೆಯ ಆಯ್ಕೆಯಲ್ಲಿ ಅಜ್ಜಿಯ ಇನ್ನೊಂದು ಮಾತು ಬರೆದಿಟ್ಟುಕೊಳ್ಳುವಂಥದ್ದು: ವಾರಕ್ಕಿಂತ ಹಳೆಯ ಮೊಟ್ಟೆ ಬೇಡ, ಬೇಸಿಗೆಯಲ್ಲಿ ಶೀಟಿನ ಮನೆಯಲ್ಲಿ ಇಟ್ಟದ್ದಂತೂ ಬೇಡವೇ ಬೇಡ. ಇದಕ್ಕೆ ಸರಿಯಾದ ಕಾರಣ ಇದೆ. ಇಟ್ಟ ಮೊಟ್ಟೆ ತಂಪಾಗಿದ್ದಾಗ ಒಳಗಿನ ಅಂಕುರ ಬೆಳವಣಿಗೆ ನಿಲ್ಲಿಸಿ ಸುಮ್ಮನಿರುತ್ತದೆ. ಆದ್ದರಿಂದಲೇ ಬೇರೆ ಬೇರೆ ದಿನ ಇಟ್ಟ ಮೊಟ್ಟೆಗಳು ಕಾವಿಗೆ ಒಟ್ಟಿಗೆ ಕೂತರೆ ಮರಿಗಳೂ ಹೆಚ್ಚುಕಡಿಮೆ ಒಂದೇ ದಿನ ಬರುತ್ತವೆ. ಆದರೆ ಏಪ್ರಿಲ್ ಬಿಸಿಲಿಗೆ ಕಾದ ಮನೆಯಲ್ಲಿ ಅಂಕುರ ಅರೆಬರೆ ಬೆಳೆಯತೊಡಗಿ, ರಾತ್ರಿ ತಂಪಿಗೆ ನಿಂತು, ಸತ್ತುಹೋಗುತ್ತದೆ. ಮಕ್ಕಳಿಗೆ ತೋರಿಸಲು ಮಳೆ ನಿಂತ ಮೇಲಿನ ತಿಂಗಳುಗಳೇ ಒಳ್ಳೆಯವು ಎಂದು ನಾನು ಹೇಳುವುದು ಇದಕ್ಕೇ.

ಕಾವು 21 ದಿನ. ಹೇಂಟೆಯ ಮೈಬಿಸಿ ಸುಮಾರು 41 ಡಿಗ್ರಿ. ಕಾವಿಗೆ ಕೂತಾಗ ಎದೆಯ ಕೆಳಗಿನ ಪುಕ್ಕ ಉದುರಿ ಬರಿಯ ಚರ್ಮವೇ ಮೊಟ್ಟೆಗೆ ತಾಗುತ್ತದೆ. ದಿನಕ್ಕೆ ಒಮ್ಮೆ, ಹೆಚ್ಚೆಂದರೆ ಹದಿನೈದಿಪ್ಪತ್ತು ನಿಮಿಷ ಎದ್ದು, ಅವಸರವಸರವಾಗಿ ರಾಗಿ ಕುಕ್ಕಿ, ನೀರು ಕುಡಿದು, ಮಣ್ಣಲ್ಲಿ ಹೊರಳಿ ಮತ್ತೆ ಬಂದು ಕೂರುತ್ತದೆ. ಕೂತಲ್ಲೇ ಕೊಕ್ಕಿನಿಂದ ಮೊಟ್ಟೆಗಳನ್ನು ದಿನಕ್ಕೆ ಹತ್ತಾರು ಬಾರಿ ಹೊರಳಿಸುತ್ತದೆ, ಅಂಚಿನಲ್ಲಿದ್ದದ್ದನ್ನು ನಡುವಿಗೆ ಎಳೆದುಕೊಳ್ಳುತ್ತದೆ. ಹೊರಳಿಸದಿದ್ದರೆ ಬೆಳೆಯುತ್ತಿರುವ ಭ್ರೂಣ ಚಿಪ್ಪಿನ ಒಳಪೊರೆಗೆ ಅಂಟಿಕೊಂಡು ಕೆಡುತ್ತದೆ. ಮೂರು ವರ್ಷದ ಮಗುವಿಗೆ ಈ ವಿವರಣೆ ಬೇಡ, ಹೇಂಟೆ ಕೊಕ್ಕಿನಿಂದ ಮೊಟ್ಟೆಯನ್ನು ನಿಧಾನವಾಗಿ ಸರಿಸುವುದನ್ನು ಕಂಡರೆ ಸಾಕು, "ಯಾಕೆ ತಳ್ತಿದೆ?" ಎಂಬ ಪ್ರಶ್ನೆ ತಾನಾಗಿ ಬರುತ್ತದೆ. ಇನ್‌ಕ್ಯುಬೇಟರಿನಲ್ಲಿ ಈ ಕೆಲಸವನ್ನು ಮೋಟಾರು ಮಾಡುತ್ತದೆ. ಅಲ್ಲಿ ಮಗುವಿಗೆ ಕೇಳಲು ಏನೂ ಉಳಿಯುವುದಿಲ್ಲ.

ಏಳೆಂಟನೆಯ ದಿನ ಹೇಂಟೆ ಮೇಯಲು ಎದ್ದ ಹೊತ್ತು ನೋಡಿ ಒಂದು ಮೊಟ್ಟೆಯನ್ನು ಕತ್ತಲೆ ಕೋಣೆಗೆ ತಂದು, ಅದರ ಅಗಲವಾದ ತುದಿಗೆ ಮೊಬೈಲ್ ಟಾರ್ಚ್ ಹಿಡಿಯಿರಿ. ಮೊಟ್ಟೆ ದೊಡ್ಡವರ ಕೈಯಲ್ಲೇ ಇರಲಿ. ಒಳಗೆ ಜೇಡನ ಬಲೆಯ ಹಾಗೆ ಹರಡಿದ ಕೆಂಪು ನಾಳಗಳು, ನಡುವೆ ಒಂದು ಕಪ್ಪು ಚುಕ್ಕೆ. ಆ ಚುಕ್ಕೆ ಕಣ್ಣು. ಕೆಲವೊಮ್ಮೆ ಅದು ಅಲುಗುವುದೂ ಕಾಣುತ್ತದೆ. ಏನೂ ಕಾಣದೆ ಬರಿದೇ ಹಳದಿಯಾಗಿ ಹೊಳೆದರೆ ಅದು ಗೊಡ್ಡು ಮೊಟ್ಟೆ. ಗ್ರೀಸಿನ ಅರಿಸ್ಟಾಟಲ್ 2,300 ವರ್ಷಗಳ ಹಿಂದೆ ಕಾವಿಗಿಟ್ಟ ಮೊಟ್ಟೆಗಳನ್ನು ಬೇರೆ ಬೇರೆ ದಿನ ಒಡೆದು ನೋಡಿ, ಮೂರು ದಿನ ಕಳೆಯುವ ಹೊತ್ತಿಗೆ ರಕ್ತದ ಚುಕ್ಕೆಯಂಥ ಹೃದಯ ಮಿಡಿಯುತ್ತದೆಂದು ಬರೆದಿಟ್ಟಿದ್ದ. ಅವನು ಒಡೆದು ನೋಡಿದ್ದನ್ನು ನಮ್ಮ ಮಕ್ಕಳು ಒಡೆಯದೆ ನೋಡಬಹುದು. 14ನೇ ದಿನಕ್ಕೆ ಅರ್ಧಕ್ಕಿಂತ ಹೆಚ್ಚು ಕತ್ತಲು, 18ಕ್ಕೆ ಗಾಳಿಯ ಜಾಗವೊಂದನ್ನು ಬಿಟ್ಟು ಪೂರ್ತಿ ಕತ್ತಲು. ಆಮೇಲೆ ಮೊಟ್ಟೆಯನ್ನು ಮುಟ್ಟಬೇಡಿ.

ಕೊನೆಯ ಎರಡು ದಿನ ಮಕ್ಕಳಿಗೆ ಕಣ್ಣಿಗಿಂತ ಕಿವಿಯ ಕೆಲಸವೇ ಹೆಚ್ಚು. ಮರಿ ಒಳಗಿನ ಪೊರೆ ತೂತು ಮಾಡಿ ಗಾಳಿಯ ಜಾಗಕ್ಕೆ ಕೊಕ್ಕು ಚಾಚುತ್ತದೆ. ಮೊದಲ ಸಲ ಉಸಿರಾಡುವುದು ಆಗಲೇ. ಚಿಪ್ಪು ಇನ್ನೂ ಗಟ್ಟಿಯಾಗಿದ್ದರೂ ಒಳಗಿನಿಂದ ಚಿಂವ್ ಎಂಬ ದನಿ ಬರುತ್ತದೆ, ಹೇಂಟೆ ತಗ್ಗಿದ ದನಿಯಲ್ಲಿ ಉತ್ತರ ಕೊಡುತ್ತದೆ. ಇಷ್ಟು ದಿನ ಒಂದೇ ಸಮ ಗಲಾಟೆ ಮಾಡುತ್ತಿದ್ದ ಮಕ್ಕಳು ಆ ದನಿ ಕೇಳಿದಾಗ ತಾವಾಗಿ ಬಾಯಿಗೆ ಕೈ ಇಟ್ಟುಕೊಳ್ಳುವುದನ್ನು ನಾನು ನೋಡಿದ್ದೇನೆ. ಆ ಮನೆಯಲ್ಲಿ ಮೊದಲ ಬಿರುಕು ಕಂಡದ್ದು ಒಬ್ಬ ಪುಟ್ಟ ಹುಡುಗಿಗೆ. ಕೇಂದ್ರಕ್ಕೆ ಬಂದಾಗಿನಿಂದ ಮಾತೇ ಆಡದವಳು ಓಡಿಬಂದು, "ಟೀಚರ್, ಪಿಲ್ಲ ಬಯಟಿಕಿ ವಸ್ತಾ ಉಂದಿ!" ಎಂದಳು, ಮರಿ ಹೊರಗೆ ಬರುತ್ತಿದೆ ಎಂದು. ಚಿಂತಾಮಣಿ, ಬಾಗೇಪಲ್ಲಿ ಕಡೆ ಎಷ್ಟೋ ಮನೆಗಳ ಮಾತು ತೆಲುಗು. ಅಂಗನವಾಡಿಗೆ ಬಂದು ಕನ್ನಡ ಕೇಳಿ ಬಾಯಿ ಕಟ್ಟಿಕೊಂಡು ಕೂರುವ ಮಕ್ಕಳನ್ನು ಮಾತಿಗೆಳೆಯುವುದೇ ಕಾರ್ಯಕರ್ತೆಯರಿಗೆ ದೊಡ್ಡ ಕೆಲಸ. ಅವತ್ತು ಟೀಚರ್ ತೆಲುಗಿನಲ್ಲೇ ಉತ್ತರಿಸಿ, ಆಮೇಲೆ ಅದನ್ನೇ ಕನ್ನಡದಲ್ಲಿ ಹೇಳಿದರು. ಹೇಳಲೇಬೇಕಾದ ಸುದ್ದಿಯೊಂದು ಇದ್ದಾಗ ಮಗು ಭಾಷೆಗಾಗಿ ಕಾಯುವುದಿಲ್ಲ.

ಇಲ್ಲಿ ಒಂದು ಕಟ್ಟುನಿಟ್ಟಿನ ಮಾತು. ಬಿರುಕು ಬಿಟ್ಟ ಮೊಟ್ಟೆಗೆ ಸಹಾಯ ಮಾಡಲು ಹೋಗಬೇಡಿ. ಕೊಕ್ಕಿನ ತುದಿಯಲ್ಲಿರುವ ಮೊನಚಾದ ಗಟ್ಟಿ ಚುಕ್ಕೆಯಿಂದ ಮರಿ ಚಿಪ್ಪನ್ನು ಕುಟ್ಟಿ, ಸುಸ್ತಾಗಿ ಮಲಗಿ, ಮತ್ತೆ ಕುಟ್ಟಿ, ಒಳಗೇ ತಿರುಗುತ್ತ ಸುತ್ತಲೂ ಕೊರೆದುಕೊಂಡು ಬರಲು ಅರ್ಧ ದಿನವೋ ಇಡೀ ದಿನವೋ ಬೇಕು. ಅಷ್ಟರಲ್ಲಿ ಪೊರೆಯ ರಕ್ತನಾಳಗಳು ಒಣಗಬೇಕು, ಉಳಿದ ಹಳದಿ ಹೊಟ್ಟೆಯೊಳಗೆ ಸೇರಬೇಕು. ಮನಸ್ಸು ತಡೆಯದೆ ಚಿಪ್ಪು ಸುಲಿದರೆ ಮರಿ ರಕ್ತ ಸೋರಿ ಸಾಯುತ್ತದೆ. ಹೊಟ್ಟೆ ಸೇರಿದ ಆ ಹಳದಿಯ ಬಲದಿಂದಲೇ ಮರಿ ಎರಡು ದಿನ ತಿನ್ನದೆ ಕುಡಿಯದೆ ಇರಬಲ್ಲದು; ಹ್ಯಾಚರಿಗಳು ಒಂದು ದಿನದ ಮರಿಗಳನ್ನು ಪೆಟ್ಟಿಗೆಯಲ್ಲಿಟ್ಟು ದೂರದೂರಿಗೆ ಕಳಿಸುವುದು ಇದನ್ನೇ ನಂಬಿ. ಸಂಜೆ ಮಕ್ಕಳು ಮನೆಗೆ ಹೋಗುವಾಗ ಬರೀ ಬಿರುಕಷ್ಟೇ ಇದ್ದು, ಬೆಳಿಗ್ಗೆ ಬಂದಾಗ ರೆಕ್ಕೆಯಡಿಯಿಂದ ತಲೆಗಳು ಇಣುಕುತ್ತಿರಬಹುದು. ಹೊರಬರುವ ಕ್ಷಣ ತಪ್ಪಿಹೋಯಿತೆಂದು ಟೀಚರ್‌ಗಳು ನೊಂದುಕೊಳ್ಳುತ್ತಾರೆ. ಮಕ್ಕಳು ನೊಂದುಕೊಂಡದ್ದನ್ನು ನಾನು ಕಂಡಿಲ್ಲ.

ಮೊಟ್ಟೆಯಿಂದ ಜೀವ ಬರಿಸುವ ವಿದ್ಯೆ ನಮ್ಮ ಜಿಲ್ಲೆಗೆ ಹೊರಗಿನಿಂದ ಬರಬೇಕಿಲ್ಲ. ಶಿಡ್ಲಘಟ್ಟದ ರೇಷ್ಮೆ ಗೂಡಿನ ಮಾರುಕಟ್ಟೆಗೆ ಗೂಡು ತರುವ ಸಾವಿರಾರು ಮನೆಗಳು ಅದರ ಮೇಲೆಯೇ ಬದುಕಿವೆ. ರೇಷ್ಮೆ ಮೊಟ್ಟೆಯ ಹಾಳೆಯನ್ನು 25 ಡಿಗ್ರಿಯ ಆಸುಪಾಸಿನ ಬಿಸಿಯಲ್ಲಿ, ಹಸಿ ಗೋಣಿಯ ತೇವದಲ್ಲಿ ಇಟ್ಟು ಕಾಯುತ್ತಾರೆ. ಎಂಟು ದಿನದ ಹೊತ್ತಿಗೆ ಒಂದೊಂದು ಮೊಟ್ಟೆಯ ಮೇಲೂ ಸೂಜಿಮೊನೆಯಷ್ಟು ಕಪ್ಪು ಚುಕ್ಕೆ ಮೂಡುತ್ತದೆ. ಆಗ ಹಾಳೆಯನ್ನು ಕಪ್ಪು ಕಾಗದದಲ್ಲಿ ಸುತ್ತಿ ಕತ್ತಲಲ್ಲಿಡುತ್ತಾರೆ. ಮೊದಲು ಬಲಿತವು ಕತ್ತಲಲ್ಲಿ ತಡೆದುಕೊಂಡಿರುತ್ತವೆ, ಹಿಂದುಳಿದವು ಅಷ್ಟರಲ್ಲಿ ಸಮಕ್ಕೆ ಬರುತ್ತವೆ. ಗೊತ್ತಾದ ದಿನ ಬೆಳಿಗ್ಗೆ ಕಾಗದ ಬಿಚ್ಚಿ ಬೆಳಕು ಬೀಳಿಸಿದರೆ ಸಾವಿರಗಟ್ಟಲೆ ಹುಳು ಒಟ್ಟಿಗೆ ಒಡೆದು ಬರುತ್ತವೆ. ಕೂದಲೆಳೆಯಷ್ಟು ಸಣ್ಣ, ಕಪ್ಪು ಹುಳು. ಎಳೆಯ ಹಿಪ್ಪುನೇರಳೆ ಸೊಪ್ಪನ್ನು ಸಣ್ಣಗೆ ಹೆಚ್ಚಿ ಉದುರಿಸಿದರೆ ತಾವೇ ಹತ್ತಿಕೊಳ್ಳುತ್ತವೆ. ನನ್ನ ಬಾಲ್ಯದಲ್ಲಿ ಇದನ್ನು ಮನೆಯಲ್ಲೇ ನೋಡಿದ್ದೇವೆ. ಈಗ ರೈತರು ಬಹುಮಟ್ಟಿಗೆ ಎಳೆಯ ಹುಳು ಸಾಕಿಕೊಡುವ ಚಾಕಿ ಕೇಂದ್ರಗಳಿಂದ ಎರಡನೇ ಜ್ವರ, ಅಂದರೆ ಪೊರೆ ಕಳಚುವ ಹಂತ, ದಾಟಿದ ಹುಳುವನ್ನೇ ತರುತ್ತಾರೆ. ಅದರಿಂದ ಬೆಳೆ ಕೈಕೊಡುವುದು ಕಡಿಮೆಯಾಗಿದೆ, ಒಳ್ಳೆಯದೇ ಆಯಿತು. ಆದರೆ ರೇಷ್ಮೆ ಮನೆಯ ಮಕ್ಕಳೇ ಇಂದು ಹುಳು ಮೊಟ್ಟೆಯೊಡೆದು ಬರುವುದನ್ನು ಕಂಡಿರುವುದಿಲ್ಲ. ಕೋಳಿಯ ವಿಷಯದಲ್ಲೂ ಆಗಿರುವುದು ಇದೇ: ಮರಿ ಹ್ಯಾಚರಿಯಿಂದ ಬರುತ್ತದೆ, ಮಾಂಸ ಅಂಗಡಿಯಿಂದ ಬರುತ್ತದೆ, ನಡುವಿನದು ಮಗುವಿನ ಕಣ್ಣಿಗೆ ಬೀಳುವುದಿಲ್ಲ.

ಹೇಂಟೆ ಸಿಗದ ಕಡೆ ನನ್ನ ಸಲಹೆ ಇದೇ: ಇನ್‌ಕ್ಯುಬೇಟರ್ ಬೇಡ, ಚಾಕಿ ಕೇಂದ್ರದವರನ್ನು ಕೇಳಿ ಒಂದು ಬೆಳಿಗ್ಗೆ ಮಕ್ಕಳನ್ನು ಕರೆದೊಯ್ಯಿರಿ. ಕೊಟ್ಟರೆ ಒಂದು ಹಿಡಿ ಹುಳು ತಂದು ರಟ್ಟಿನ ಪೆಟ್ಟಿಗೆಯಲ್ಲಿ ಸಾಕಿ. ಔಷಧಿ ಹೊಡೆಯದ ಸೊಪ್ಪು ಮಾತ್ರ ಸಿಗುವಂತಿರಬೇಕು. ಮೊಟ್ಟೆಯೊಡೆದ ದಿನದಿಂದ ಗೂಡಿನವರೆಗೆ ಒಂದು ತಿಂಗಳೊಳಗಿನ ಆಟ. ರೋಗ ಹರಡುವ ಭಯ ಕೋಳಿಗಿಂತ ಎಷ್ಟೋ ಕಡಿಮೆ. ಹುಳು ತಲೆಯೆತ್ತಿ ಅಲುಗದೆ ನಿಂತಾಗ "ಜ್ವರಕ್ಕೆ ಹೋಗಿದೆ, ಸೊಪ್ಪು ಹಾಕಬೇಡ" ಎಂದು ಮನೆಯಲ್ಲಿ ಕೇಳಿದ ಮಾತನ್ನು ಶಿಡ್ಲಘಟ್ಟದ ಮಗುವೊಂದು ಟೀಚರ್‌ಗೇ ಪಾಠ ಹೇಳುವುದನ್ನು ಕೇಳಬೇಕು!

ಯಂತ್ರವನ್ನು ನಾನು ಯಾಕೆ ಬೇಡವೆನ್ನುತ್ತೇನೆ? ಅದು ಕೆಲಸ ಮಾಡುವುದಿಲ್ಲವೆಂದಲ್ಲ. ಒಳಗೆ ಫ್ಯಾನ್ ಇರುವ ಯಂತ್ರದಲ್ಲಿ 37.5 ಡಿಗ್ರಿ ಬಿಸಿ, ಮೊದಲ 18 ದಿನ ನೂರಕ್ಕೆ 55ರಷ್ಟು ತೇವ, ಆಮೇಲೆ 65ರಿಂದ 70, ದಿನಕ್ಕೆ ಮೂರು ಬಾರಿಯಾದರೂ ಹೊರಳಿಸುವುದು. ಇಷ್ಟು ಸರಿಯಾಗಿ ನಡೆದರೆ ಮರಿ ಬರುತ್ತದೆ. ನಮ್ಮ ಕಡೆಯ ಕರೆಂಟು ಗೊತ್ತೇ ಇದೆ. ಭಾನುವಾರ, ಹಬ್ಬದ ರಜೆಯಲ್ಲಿ ಶಾಲೆಗೆ ಬೀಗ ಬಿದ್ದಾಗ ಬಿಸಿ ಹೆಚ್ಚಿದರೆ ನೋಡುವವರಾರು? ಇವೆಲ್ಲಕ್ಕೂ ದಾರಿ ಹುಡುಕಬಹುದು. ದಾರಿ ಸಿಗದಿರುವುದು 22ನೇ ದಿನದ ಪ್ರಶ್ನೆಗೆ: ಈ ಮರಿಗಳು ಈಗ ಎಲ್ಲಿಗೆ? ತಾಯಿಯಿಲ್ಲದ ಮರಿಗೆ ಮೊದಲ ವಾರ 35 ಡಿಗ್ರಿಯಷ್ಟು ಬಿಸಿ ಬೇಕು, ವಾರಕ್ಕೆ ಮೂರು ಡಿಗ್ರಿಯಂತೆ ಇಳಿಸುತ್ತ ಬಂದು ಪುಕ್ಕ ಬಲಿಯುವವರೆಗೂ ಕಾಯಬೇಕು. ರಾಣಿಖೇತಕ್ಕೆ, ಅಂದರೆ ನಮ್ಮವರು ಕೊಕ್ಕರೆ ರೋಗ ಎನ್ನುವುದಕ್ಕೆ, ಮೊದಲ ವಾರದಲ್ಲೇ ಲಸಿಕೆಯ ಹನಿ ಹಾಕಿಸಬೇಕು. ಹುಟ್ಟಿದ್ದರಲ್ಲಿ ಅರ್ಧದಷ್ಟು ಹುಂಜಗಳಿರುತ್ತವೆ. ಹುಂಜಗಳನ್ನು ಯಾವ ಅಪಾರ್ಟ್‌ಮೆಂಟಿನಲ್ಲಿ ಸಾಕುತ್ತೀರಿ?

ಅಮೆರಿಕ, ಇಂಗ್ಲೆಂಡ್‌ಗಳಲ್ಲಿ ಶಾಲೆಗಳಿಗೆ ಇನ್‌ಕ್ಯುಬೇಟರ್ ಸಮೇತ ಮೊಟ್ಟೆಯನ್ನು ಬಾಡಿಗೆಗೆ ಕೊಟ್ಟು, ಮರಿಯಾದ ಮೇಲೆ ಹಿಂದಕ್ಕೆ ಒಯ್ಯುವ ವ್ಯಾಪಾರವೇ ಇದೆ. ಹಿಂದಕ್ಕೆ ಹೋದ ಮರಿಗಳ ಗತಿ ಏನಾಗುತ್ತದೆ ಎಂಬ ಪ್ರಶ್ನೆ ಎತ್ತಿ ಇಂಗ್ಲೆಂಡಿನ ಪ್ರಾಣಿದಯಾ ಸಂಸ್ಥೆ ಆರ್‌ಎಸ್‌ಪಿಸಿಎ ಶಾಲೆಗಳಿಗೆ ಇದು ಬೇಡವೆಂದೇ ಹೇಳುತ್ತ ಬಂದಿದೆ. ನಮ್ಮಲ್ಲಿ ಇದರ ಇನ್ನೊಂದು ರೂಪವಿದೆ. ಜಾತ್ರೆಗಳಲ್ಲಿ, ಬಸ್ ನಿಲ್ದಾಣದ ಬಳಿ ಗುಲಾಬಿ, ಹಸಿರು, ನೇರಳೆ ಬಣ್ಣ ಬಳಿದ ಮರಿಗಳನ್ನು ಬುಟ್ಟಿಯಲ್ಲಿಟ್ಟು ಮಾರುತ್ತಾರೆ. ಮೊಟ್ಟೆ ಕೋಳಿಯ ಹ್ಯಾಚರಿಗಳಿಗೆ ಬೇಡವಾದ ಗಂಡುಮರಿಗಳೇ ಹೆಚ್ಚಾಗಿ ಹೀಗೆ ಬೀದಿಗೆ ಬರುತ್ತವೆ. ಮಗು ಹಟ ಮಾಡುತ್ತದೆ, ಅಪ್ಪ ಕೊಡಿಸುತ್ತಾನೆ, ತಾಯಿಯ ಬಿಸಿಯಿಲ್ಲದೆ ಎರಡು ಮೂರು ರಾತ್ರಿಯಲ್ಲಿ ಮರಿ ಸಾಯುತ್ತದೆ. ಜೀವ ಎಂದರೆ ಆಟದ ಸಾಮಾನು ಎಂದು ಮಗುವಿಗೆ ಕಲಿಸಲು ಇದಕ್ಕಿಂತ ಸುಲಭದ ದಾರಿಯಿಲ್ಲ. ದಯವಿಟ್ಟು ಕೊಳ್ಳಬೇಡಿ.

ಹೇಂಟೆಯ ಮನೆಯಲ್ಲಿ ಈ ತೊಡಕುಗಳೇ ಇಲ್ಲ. ಎರಡನೆಯ ದಿನವೇ ತಾಯಿ ಮರಿಗಳನ್ನು ಅಂಗಳಕ್ಕೆ ಇಳಿಸುತ್ತದೆ. ಅಜ್ಜಿ ನುಚ್ಚು ಎರಚುತ್ತಾರೆ. ಹಿಂದಿನ ಸಂಜೆ ಸಗಣಿ, ಹುಲ್ಲು ತುಂಬಿ ಹೊಲದ ಬದುವಿನಲ್ಲಿ ಬೋರಲು ಹಾಕಿದ ಮಡಕೆಗೆ ಬೆಳಿಗ್ಗೆ ಗೆದ್ದಲು ಹತ್ತಿರುತ್ತದೆ, ಅದನ್ನು ತಂದು ಕೊಡವುತ್ತಾರೆ. ಹೇಂಟೆ ಗೆದ್ದಲನ್ನು ಕೊಕ್ಕಿನಲ್ಲಿ ಎತ್ತಿ ಕೆಳಗೆ ಹಾಕಿ, ಮತ್ತೆ ಎತ್ತಿ ಹಾಕಿ, ಮರಿಗಳಿಗೆ ತಿನ್ನುವುದನ್ನು ತೋರಿಸಿಕೊಡುತ್ತದೆ. ಮೇಲೆ ಹದ್ದು ಸುಳಿದರೆ ಒಂದೇ ಕೂಗು, ಮರಿಗಳೆಲ್ಲ ರೆಕ್ಕೆಯಡಿ. ಈ ಮರಿಗಳು ಎಲ್ಲಿಗೆ ಹೋಗುತ್ತವೆ ಎಂದು ಯಾರೂ ಕೇಳಬೇಕಿಲ್ಲ. ಅವು ಅಲ್ಲೇ ಇರುತ್ತವೆ, ಮಕ್ಕಳ ಕಣ್ಣೆದುರೇ ಬೆಳೆಯುತ್ತವೆ.

ಇನ್ನು ರೋಗದ ಮಾತು. ಇದನ್ನು ಹಗುರವಾಗಿ ತೆಗೆದುಕೊಳ್ಳಬೇಡಿ. ನೋಡಲು ಆರೋಗ್ಯವಾಗಿರುವ ಕೋಳಿ, ಮರಿಗಳ ಹಿಕ್ಕೆಯಲ್ಲೂ ಸಾಲ್ಮೊನೆಲ್ಲಾ ಎಂಬ ಬ್ಯಾಕ್ಟೀರಿಯಾ ಇರಬಹುದು. ಅದು ಕೈಯಿಂದ ಬಾಯಿಗೆ ಹೋಗಿ ವಾಂತಿ, ಭೇದಿ, ಜ್ವರ ತರುತ್ತದೆ. ಪುಟ್ಟ ಮಕ್ಕಳಿಗೆ ಇದು ದೊಡ್ಡವರಿಗಿಂತ ಜೋರಾಗಿ ತಗಲುತ್ತದೆ. ಐದು ವರ್ಷದೊಳಗಿನ ಮಕ್ಕಳು ಕೋಳಿಮರಿಗಳನ್ನು ಮುಟ್ಟಲೇಬಾರದು ಎಂದು ಅಮೆರಿಕದ ರೋಗ ನಿಯಂತ್ರಣ ಕೇಂದ್ರ ಹೇಳುತ್ತದೆ. ಅಂಗನವಾಡಿಯ ಮಕ್ಕಳಲ್ಲಿ ಹೆಚ್ಚಿನವರು ಆ ವಯಸ್ಸಿನವರೇ. ಹಳ್ಳಿಯಲ್ಲಿ ಮಕ್ಕಳು ಮನೆಯಲ್ಲಿ ಮುಟ್ಟಿಯೇ ಮುಟ್ಟುತ್ತಾರೆ ಎಂಬ ವಾದ ನನಗೂ ಗೊತ್ತು. ಆದರೆ ಒಬ್ಬರ ಸುಪರ್ದಿಯಲ್ಲಿ ಇಪ್ಪತ್ತು ಮಕ್ಕಳಿರುವ ಕಡೆ ನಿಯಮ ಬಿಗಿಯಾಗಿಯೇ ಇರಬೇಕು: ನೋಡುವುದು, ಕೇಳುವುದು, ಮುಟ್ಟದಿರುವುದು, ಆದರೂ ಬಂದ ಮೇಲೆ ಎಲ್ಲರಿಗೂ ಸೋಪು ಹಚ್ಚಿ ಕೈತೊಳೆಸುವುದು. ನಮ್ಮ ಎಷ್ಟೋ ಕೇಂದ್ರಗಳಲ್ಲಿ ಅಡುಗೆ, ಊಟ, ಆಟ, ನಿದ್ದೆ ಎಲ್ಲ ಒಂದೇ ಕೋಣೆಯಲ್ಲಿ. ಅಲ್ಲಿಗೆ ಕೋಳಿಯನ್ನಾಗಲಿ ಮರಿಯ ಪೆಟ್ಟಿಗೆಯನ್ನಾಗಲಿ ತರಬೇಡಿ ಎಂದು ನಾನು ಒತ್ತಿ ಹೇಳಲು ಮುಖ್ಯ ಕಾರಣ ಇದೇ.

ಹಕ್ಕಿಜ್ವರವನ್ನು ನಮ್ಮ ಜಿಲ್ಲೆ ಹತ್ತಿರದಿಂದ ಕಂಡಿದೆ. 2025ರ ಫೆಬ್ರವರಿ ಕೊನೆಯಲ್ಲಿ ಚಿಕ್ಕಬಳ್ಳಾಪುರ ತಾಲ್ಲೂಕಿನ ವರದಹಳ್ಳಿಯಲ್ಲಿ ಮನೆಗಳಲ್ಲಿ ಸಾಕಿದ್ದ ಕೋಳಿಗಳು ಸಾಯತೊಡಗಿ, ಹಕ್ಕಿಜ್ವರವೆಂದು ಖಚಿತವಾಗಿ, ಊರಿನ ಉಳಿದ ಕೋಳಿಗಳನ್ನೂ ಕೊಲ್ಲಬೇಕಾಯಿತು. ಅಂಥ ಸುದ್ದಿ ಹತ್ತಿರದಲ್ಲಿ ಇರುವಾಗ, ಅಥವಾ ಆ ಮನೆಯಲ್ಲೇ ಒಂದೆರಡು ಕೋಳಿ ಕಾರಣ ತಿಳಿಯದೆ ಸತ್ತಾಗ, ಮಕ್ಕಳನ್ನು ಅತ್ತ ಕರೆದೊಯ್ಯಲೇಬೇಡಿ. ಪಶು ಆಸ್ಪತ್ರೆಗೆ ತಿಳಿಸಿ.

ಆ ಅಜ್ಜಿಯ ಮನೆಯಲ್ಲಿ 11ರಲ್ಲಿ ಎಂಟು ಮರಿಯಾದವು. ಎರಡು ಗೊಡ್ಡು. ಒಂದರಲ್ಲಿ ಪೂರ್ತಿ ಬೆಳೆದ ಮರಿ ಹೊರಬರಲಾಗದೆ ಸತ್ತಿತ್ತು. ಇಂಥದ್ದನ್ನು ಮಕ್ಕಳಿಂದ ಮುಚ್ಚಿಡಬೇಕೇ ಎಂದು ಪೋಷಕರು ಕೇಳುತ್ತಾರೆ. ಬೇಡ. "ಇದಕ್ಕೆ ಬರೋಕೆ ಆಗಲಿಲ್ಲ ಕಣಪ್ಪ, ಸತ್ತುಹೋಯ್ತು" ಎಂದು ಅಜ್ಜಿ ನೇರವಾಗಿ ಹೇಳಿದರು. ಒಂದು ಮಗು "ಅದರ ಅಮ್ಮ ಅಳಲ್ವಾ?" ಎಂದು ಕೇಳಿತು. ಉಳಿದ ಮರಿಗಳನ್ನು ನೋಡಿಕೊಳ್ಳೋ ಕೆಲಸ ಇದೆಯಲ್ಲ ಅದಕ್ಕೆ ಎಂದರು ಅಜ್ಜಿ. ಮಗು ಒಪ್ಪಿತೋ ಇಲ್ಲವೋ, ಆ ದಿನವೆಲ್ಲ ಹೇಂಟೆಯನ್ನೇ ನೋಡುತ್ತಿತ್ತು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಹುಟ್ಟಿ, 1962ರಲ್ಲಿ ಬೆಂಗಳೂರು ಸೈನ್ಸ್ ಫೋರಂ ಕಟ್ಟಿದ ಎಚ್. ನರಸಿಂಹಯ್ಯನವರು ಜೀವನವಿಡೀ ಹೇಳಿದ್ದು ಪ್ರಶ್ನೆ ಕೇಳದೆ ಏನನ್ನೂ ಒಪ್ಪಬೇಡಿ ಎಂಬುದನ್ನೇ. ಅವರ ಸೀಮೆಯ ಮಕ್ಕಳಿಗೆ ಇಂಥ ಪ್ರಶ್ನೆ ಕೇಳಲು ಒಂದು ಕಾರಣ ಒದಗಿಸುವುದು, ಕೇಳಿದಾಗ ಸುಳ್ಳು ಹೇಳದೆ ಉತ್ತರಿಸುವುದು ನಮ್ಮ ಪಾಲಿನ ಕೆಲಸ.

ಎಲ್ಲಕ್ಕಿಂತ ಕಷ್ಟದ ಪ್ರಶ್ನೆ ಊಟದ ಹೊತ್ತಿಗೆ ಬರುತ್ತದೆ. ಮರಿ ಬಂದ ವಾರ ಕೆಲವು ಮಕ್ಕಳು ತಟ್ಟೆಯ ಮೊಟ್ಟೆಯನ್ನು ದೂರ ತಳ್ಳುತ್ತಾರೆ. ಮೊಟ್ಟೆ ತಿನ್ನಲೇಬೇಕಾದ ಮಕ್ಕಳು ಇವರು. ತೂಕ ಕಡಿಮೆಯಿರುವ ಮಗುವಿಗೆ ಅದು ಸಣ್ಣ ವಿಷಯವಲ್ಲ. ಹುಂಜವಿಲ್ಲದ ಕೋಳಿಯ ಮೊಟ್ಟೆ, ಇದರಲ್ಲಿ ಮರಿ ಇಲ್ಲ, ಎಂದೂ ಆಗುವುದಿಲ್ಲ ಎಂದು ಆಗ ಹೇಳಿ. ನಿಜವನ್ನೇ ಹೇಳುತ್ತಿರುವುದರಿಂದ ಧೈರ್ಯವಾಗಿ ಹೇಳಬಹುದು. ಕೋಳಿ ಸಾರಿನ ಪ್ರಶ್ನೆ ಬಂದರೆ ತಪ್ಪಿಸಿಕೊಳ್ಳಬೇಡಿ. ಹೌದು, ಹುಂಜ ದೊಡ್ಡದಾದ ಮೇಲೆ ಹಬ್ಬಕ್ಕೆ ಕೊಯ್ಯುತ್ತಾರೆ. ಶಿಡ್ಲಘಟ್ಟದಲ್ಲಿ ನೂಲು ಬಿಚ್ಚುವಾಗ ಗೂಡಿನೊಳಗಿನ ಹುಳು ಏನಾಯಿತೆಂದು ಕೇಳಿದರೂ ಉತ್ತರ ಅಷ್ಟೇ ನೇರವಾಗಿರಲಿ. ತಿನ್ನದ ಮನೆಯ ಮಗು ತಿನ್ನುವ ಮನೆಯ ಮಗುವನ್ನು ಅಣಕಿಸದಂತೆ ನೋಡಿಕೊಳ್ಳುವ ಹೊಣೆ ಟೀಚರ್‌ದು.

ಕೊನೆಯದಾಗಿ ದುಡ್ಡಿನ ಮಾತು, ಏಕೆಂದರೆ ಇದನ್ನು ಯಾರೂ ಕೇಳುವುದಿಲ್ಲ. ನಾಟಿ ಮೊಟ್ಟೆ ಮಾರಿದರೆ ಫಾರಂ ಮೊಟ್ಟೆಗಿಂತ ಹೆಚ್ಚಿಗೆ ಸಿಗುತ್ತದೆ. ಕಾವಿಗೆ ಕೂತ ಹೇಂಟೆ ಎರಡು ಮೂರು ತಿಂಗಳು ಮೊಟ್ಟೆ ಇಡುವುದಿಲ್ಲ. ಅಜ್ಜಿಯ ಮನೆಗೆ ಆ ಮೊಟ್ಟೆ ನಿಜವಾದ ಆದಾಯ. ಮಕ್ಕಳ ಗುಂಪು ದಿನವೂ ಅಂಗಳಕ್ಕೆ ಬಂದರೆ ಅವರ ಕೆಲಸಕ್ಕೂ ಅಡ್ಡಿ. ಆದ್ದರಿಂದ ಬಾಲವಿಕಾಸ ಸಮಿತಿಯಲ್ಲಿ ಮಾತಾಡಿ, ನರ್ಸರಿಯಾದರೆ ಪೋಷಕರಿಂದ ಸ್ವಲ್ಪ ಎತ್ತಿ, ಮಂಕರಿಗಿಟ್ಟ ಮೊಟ್ಟೆಗಳ ಬೆಲೆಯನ್ನಾದರೂ ಅವರ ಕೈಗೆ ಕೊಡಿ. ಬೇಡವೆಂದರೂ ಕೊಡಿ. ಯಾವ ಹೊತ್ತಿಗೆ ಬಂದರೆ ಅನುಕೂಲ ಎಂದು ಕೇಳಿ, ಆ ಹೊತ್ತಿಗೇ ಹೋಗಿ. ಹತ್ತು ಗಂಟೆಗೆ ಹೇಂಟೆ ಮೇಯಲು ಏಳುವ ಮನೆಗಳೇ ಹೆಚ್ಚು. ಟಾರ್ಚ್ ಹಿಡಿದು ಮೊಟ್ಟೆ ನೋಡಲು ಅದೇ ಸರಿಯಾದ ಸಮಯ.